ನೆಟಿಗೆಯ ಕೈ

ನಮ್ಮ ಮಾವನ ಕೈಗೆ ಕುತ್ತಿಗೆ ಕೊಟ್ಟು ನೆಟಿಗೆ ತೆಗೆಸಿಕೊಳ್ಳದ ಗಂಡಸು ನಮ್ಮ ಬೀದಿಯಲ್ಲಿ ಸಿಗುತ್ತಿರಲಿಲ್ಲ. ಕಟಿಂಗ್ ಮುಗಿದು, ಹೊದಿಸಿದ ಬಟ್ಟೆ ಕೊಡವಿದ ಮೇಲೆ ಮಾವ ಗಲ್ಲಕ್ಕೆ ಒಂದು ಕೈ, ತಲೆಯ ಹಿಂದಕ್ಕೆ ಇನ್ನೊಂದು ಕೈ ಕೊಟ್ಟು "ಸಡಿಲ ಬಿಡು" ಅನ್ನುತ್ತಿದ್ದರು. ಎಡಕ್ಕೊಂದು ಲಟಕ್, ಬಲಕ್ಕೊಂದು ಲಟಕ್. ಕೂತವನು ಕಣ್ಣು ಮುಚ್ಚಿಕೊಂಡು ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ನಗುತ್ತಿದ್ದ. ಸಲೂನಿನ ಬೋರ್ಡಿನ ಮೇಲೆ ಬರೆಸಿದ್ದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಅದನ್ನು ನೆಟಿಗೆ ಮೇಷ್ಟ್ರ ಅಂಗಡಿ ಎನ್ನುತ್ತಿದ್ದರು, ಮೇಷ್ಟ್ರ ಕೈಗುಣವೇ ಕೈಗುಣ ಎನ್ನುತ್ತಿದ್ದರು.

ನಾನು ಆ ಮನೆಯ ಸೊಸೆ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ನನ್ನದು. ಬೆಳಗಿನಿಂದ ಸಂಜೆಯವರೆಗೆ ಜನರ ಒಳಗಿನ ಮೂಳೆಯನ್ನೇ ನೋಡುವವಳಿಗೆ ಹೊರಗಿನ ಮುಖ ಅಷ್ಟಾಗಿ ನೆನಪಿರುವುದಿಲ್ಲ. ಬಸ್ಸಿನಲ್ಲಿ ಎದುರು ಕೂತವರ ಹೆಗಲು ನೋಡಿ, ಇವರದು ಯಾವ ಕಾಲದಲ್ಲೋ ಮುರಿದು ಡೊಂಕಾಗಿ ಕೂಡಿಕೊಂಡಿದೆ ಎಂದು ಲೆಕ್ಕ ಹಾಕುವ ಕೆಟ್ಟ ಚಾಳಿ ನನಗಿದೆ. ಹೀಗಿರುವವಳಿಗೆ ಆ ಲಟಕ್ ಸದ್ದು ಕೇಳಿದಾಗಲೆಲ್ಲ ಕುತ್ತಿಗೆಯ ಮೂಳೆಗಳೇ ಕಣ್ಣ ಮುಂದೆ ಬರುತ್ತಿದ್ದವು. ನನಗೆ ಕೋಪ ಬೇರೆ ಮೂಗಿನ ತುದಿಯಲ್ಲೇ ಇರುತ್ತದೆ. "ಮಾವ, ಅದು ಕುತ್ತಿಗೆ, ಬಾಟಲಿಯ ಮುಚ್ಚಳ ಅಲ್ಲ" ಎಂದು ಒಂದು ಸಲ ಊಟದ ಹೊತ್ತಿನಲ್ಲಿ ಅಂದುಬಿಟ್ಟಿದ್ದೆ.

ಮಾವ ತುತ್ತು ನುಂಗಿ, ನಿಧಾನವಾಗಿ ಹೇಳಿದ್ದರು: "ನೀನು ಫೋಟೋ ತೆಗೆಯೋಳಮ್ಮ. ಮದುವೆಗೆ ಬಂದ ಫೋಟೋದವರು ಮದುಮಗನಿಗೆ ಬುದ್ಧಿ ಹೇಳಬಾರದು."

ಅಂದಿನಿಂದ ನಾನು ಮನೆಯಲ್ಲಿ ಫೋಟೋದವಳು. ಅತ್ತೆ ನಮ್ಮಿಬ್ಬರ ನಡುವೆ ಕೂತು, "ಎಲುಬಿಲ್ಲದ ನಾಲಿಗೆ ನಿಮ್ಮಿಬ್ಬರದೂ, ಹೆಂಗೆ ಬೇಕಾದ್ರೂ ಹೊರಳುತ್ತೆ" ಎಂದು ಇಬ್ಬರಿಗೂ ಸಮನಾಗಿ ಬೈಯುತ್ತಿದ್ದರು. ನಮ್ಮ ಮನೆಯವರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಪ್ಪನ ಪಕ್ಕದ ಕುರ್ಚಿಯಲ್ಲಿ ಕತ್ತರಿ ಹಿಡಿದು ನಿಲ್ಲುವವರು, ರಾತ್ರಿ ನನ್ನ ಪಕ್ಕದಲ್ಲಿ ಮಲಗುವವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಂದು ವಾರದ ರಜೆ. ಅಂಗಡಿಗಳ ಸಾಲಿಗೆ ಸಾಲೇ ಬಾಗಿಲು ಹಾಕಿತ್ತು. ಅಪ್ಪ ಮಗ ಇಬ್ಬರೂ ಸಲೂನಿನ ಷಟರ್ ಅರ್ಧ ಎತ್ತಿ, ಹಳೆಯ ಫ್ಯಾನು ಬಿಚ್ಚಿ ಹೊಸದು ಹಾಕುತ್ತಿದ್ದರು. ನನಗೆ ಅಂದು ಮಧ್ಯಾಹ್ನದ ಪಾಳಿ. ಹೋಗುವ ದಾರಿಯಲ್ಲಿ ಊಟದ ಡಬ್ಬಿ ಕೊಟ್ಟು ಹೋಗೋಣವೆಂದು ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು, ಕೈಚೀಲವನ್ನು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟೆ. ನಮ್ಮ ಮನೆಯವರು ಗಿರಾಕಿಗಳ ಕುರ್ಚಿಯ ಮೇಲೆ ನಿಂತಿದ್ದರು. ತಿರುಗುವ ಕುರ್ಚಿ. ಅದಕ್ಕೆ ಕೆಳಗೊಂದು ಹಿಡಿ ಇದೆ, ಒತ್ತಿದರೆ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಏಣಿ ಯಾಕೆ ದಂಡ ಎಂದು ಈ ಮನೆಯವರು ಬಲ್ಬು, ಫ್ಯಾನು, ಜೇಡರ ಬಲೆ ಎಲ್ಲಕ್ಕೂ ಅದರ ಮೇಲೇ ಹತ್ತುವುದು. ಹಿಡಿಯ ಹಲ್ಲು ಸವೆದಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯವರು ತಲೆಯೆತ್ತಿ ಸ್ಕ್ರೂ ತಿರುಗಿಸಿದರು, ಕುರ್ಚಿ ಅದಕ್ಕೆ ಎದುರು ದಿಕ್ಕಿಗೆ ತಿರುಗಿತು. ಆಯ ತಪ್ಪಿದವರ ತಲೆಯ ಹಿಂಭಾಗ ಕನ್ನಡಿಯ ಕೆಳಗಿನ ಕಲ್ಲುಹಲಗೆಯ ಅಂಚಿಗೆ ಬಡಿದು, ಗಲ್ಲ ಎದೆಗೆ ಒತ್ತಿಕೊಂಡು, ಮೈ ನೆಲಕ್ಕೆ ಜಾರಿತು. ಅಂಗಾತ ಬಿದ್ದವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಫ್ಯಾನ್ ಬಿತ್ತಾ?"

"ಅಲ್ಲಾಡಬೇಡಿ," ಎಂದೆ. ಅದು ನನ್ನ ಆಸ್ಪತ್ರೆಯ ದನಿ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಎಂದೂ ಹೇಳಿರಲಿಲ್ಲ.

"ಏನೂ ಆಗಿಲ್ಲ ಕಣೇ. ಕುತ್ತಿಗೆ ಒಂಚೂರು ಹಿಡ್ಕೊಂಡಿದೆ ಅಷ್ಟೇ. ಅಪ್ಪ ಒಂದ್ಸಲ ನೆಟಿಗೆ ತೆಗೆದ್ರೆ ಸರಿಹೋಗುತ್ತೆ." ಸ್ವಲ್ಪ ತಡೆದು, "ಬೆರಳು ಮಾತ್ರ ಜುಮ್ ಅಂತಿದೆ," ಎಂದರು.

"ಯಾವ ಕೈದು?"

"ಎರಡೂ ಕೈದು."

ಒಂದು ಕೈ ಜುಮ್ಮೆಂದರೆ ಮೊಣಕೈ ತಗುಲಿರಬಹುದು, ಭುಜ ತಗುಲಿರಬಹುದು. ಎರಡೂ ಕೈ ಒಟ್ಟಿಗೆ ಜುಮ್ಮೆಂದರೆ ಪೆಟ್ಟು ಬಿದ್ದಿರುವುದು ಎರಡು ಕೈಗೂ ನರ ಹೊರಡುವ ಜಾಗದಲ್ಲಿ, ಕುತ್ತಿಗೆಯಲ್ಲಿ. ಡಬ್ಬಿಯನ್ನು ಎಲ್ಲಿ ಬಿಟ್ಟೆನೋ ತಿಳಿಯದು. ಅವರ ತಲೆದಿಕ್ಕಿನಲ್ಲಿ ಮಂಡಿಯೂರಿ, ಮೊಣಕೈಗಳನ್ನು ನೆಲಕ್ಕೆ ಊರಿ, ಎರಡು ಕಿವಿಗಳ ಪಕ್ಕಕ್ಕೂ ಅಂಗೈ ಕೊಟ್ಟು ತಲೆಯನ್ನು ಇದ್ದಲ್ಲಿಯೇ ನಿಲ್ಲಿಸಿದೆ.

ಕುತ್ತಿಗೆಯಲ್ಲಿರುವುದು ಏಳು ಮೂಳೆ, ಒಂದರ ಮೇಲೊಂದು. ಪ್ರತಿಯೊಂದರಲ್ಲೂ ಒಂದು ತೂತು. ತೂತುಗಳೆಲ್ಲ ಸಾಲಾಗಿ ಕೂಡಿ ಕೊಳವೆಯಾಗುತ್ತವೆ, ಅದರೊಳಗೆ ಮೆದುಳಿನಿಂದ ಇಳಿದು ಬರುವ ನರದ ಹುರಿ, ಕಿರುಬೆರಳಿನಷ್ಟು ದಪ್ಪ. ತಲೆಯ ಭಾರ ಹೊರುವ ಕಂಬ ಅದೇ, ತಲೆ ತಿರುಗಿಸುವ ಕೀಲೂ ಅದೇ, ಹುರಿಯನ್ನು ಕಾಯುವ ಪೆಟ್ಟಿಗೆಯೂ ಅದೇ. ಮೈಯ ಬೇರೆ ಕಡೆ ಹೀಗಿಲ್ಲ. ತಲೆಬುರುಡೆಗೆ ಕಾಯುವ ಕೆಲಸ, ತೊಡೆಯ ಮೂಳೆಗೆ ಹೊರುವ ಕೆಲಸ. ಕುತ್ತಿಗೆಗೆ ಮಾತ್ರ ಮನೆಯ ಹಿರಿಸೊಸೆಯ ಹಾಗೆ ಎಲ್ಲ ಕೆಲಸವನ್ನೂ ಹೊರಿಸಿಟ್ಟಿದೆ. ಅದರಲ್ಲಿ ಒಂದು ಮೂಳೆ ತನ್ನ ಜಾಗ ಬಿಟ್ಟು ಜಾರಿದರೆ, ಹುರಿಯನ್ನು ಕಾಯುತ್ತಿದ್ದ ಪೆಟ್ಟಿಗೆಯೇ ಕತ್ತರಿಯಾಗುತ್ತದೆ.

"ಮಾವ, ಆಂಬುಲೆನ್ಸಿಗೆ ಫೋನ್ ಮಾಡಿ."

ಮಾವ ಆಗಲೇ ಅಂಗಿಯ ತೋಳು ಮಡಚಿಕೊಂಡು ಮಗನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. "ಆಂಬುಲೆನ್ಸ್ ಯಾಕೆ? ಕೈ ತೆಗಿ. ಹುಟ್ಟಿದಾಗಿಂದ ಇವನ ಕುತ್ತಿಗೆ ನೋಡ್ತಿರೋನು ನಾನು. ಬಿದ್ದಾಗ ಹಿಡ್ಕೊಂಡಿರೋದನ್ನ ಬಿಸಿ ಆರೋ ಮುಂಚೆ ಬಿಡಿಸಬೇಕು."

"ತೆಗೆಯಲ್ಲ ಮಾವ."

"ತೆಗಿಯಮ್ಮ. ಅವನಿಗೆ ನೋಯ್ತಿದೆ."

"ನೋಯಲಿ."

ಅದನ್ನು ನಾನು ಹಲ್ಲು ಕಚ್ಚಿ ಹೇಳಿದೆ. ನಮ್ಮ ಮನೆಯವರು ಕಣ್ಣೆತ್ತಿ, ನನ್ನ ಮುಖವನ್ನು ತಲೆಕೆಳಗಾಗಿ ನೋಡಿ, "ಯಾಕೆ ಹಟ ಮಾಡ್ತೀಯ? ಅಪ್ಪ ಒಂದ್ಸಲ ನೋಡ್ಲಿ ಬಿಡು," ಎಂದರು. ನೋವಿನಲ್ಲಿರುವ ಮಗನಿಗೆ ಹೆಂಡತಿಯ ಮಾತಿಗಿಂತ ಅಪ್ಪನ ಕೈಯ ಮೇಲೆ ನಂಬಿಕೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆಗ ನನಗೆ ನಾನು ಸಿಕ್ಕಿಬಿದ್ದಿರುವ ಜಾಗ ಅರ್ಥವಾಯಿತು. ನನ್ನ ಫೋನು ಬೆಂಚಿನ ಮೇಲಿನ ಚೀಲದಲ್ಲಿ. ಇವರದು ಕನ್ನಡಿಯ ಪಕ್ಕ ಚಾರ್ಜಿಗೆ ಹಾಕಿದೆ. ಎದ್ದು ಹೋಗಬೇಕಾದರೆ ತಲೆ ಬಿಡಬೇಕು. ನಾನು ತಲೆ ಬಿಟ್ಟ ಮರುಕ್ಷಣ ಮಾವನ ಕೈ ಅಲ್ಲಿರುತ್ತದೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಮಾವನ ಫೋನು ಅವರ ಅಂಗಿಯ ಜೇಬಿನಲ್ಲೇ ಉಬ್ಬಿಕೊಂಡಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಲು ನನಗೆ ಮೂರನೆಯ ಕೈ ಇರಲಿಲ್ಲ. ಒಮ್ಮೆ ಹೊರಗಿನವರಿಗೆ ಕೇಳಲೆಂದು ಕೂಗಿದೆ. ಮುಚ್ಚಿದ ಅಂಗಡಿಗಳ ಮುಂದೆ ಒಂದು ಲಾರಿ ಹಾರನ್ ಹೊಡೆದುಕೊಂಡು ಹೋಯಿತು.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಒಳಗೆ ಏನಾಗಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೋಡಿದ ಮೇಲೆ ನೀವು ಏನು ಬೇಕಾದ್ರೂ ಮಾಡಿ."

"ನನಗೆ ಗೊತ್ತು," ಎಂದರು ಮಾವ. "ನನ್ನ ಕೈಗೆ ಗೊತ್ತು. ನೆಟಿಗೆ ಮೇಷ್ಟ್ರ ಅಂಗಡಿ ಮುಂದೆ ಆಂಬುಲೆನ್ಸ್ ಬಂದು, ಅವನ ಮಗನ್ನೇ ಕುತ್ತಿಗೆ ಉಳುಕಿದೆ ಅಂತ ಹೊತ್ಕೊಂಡು ಹೋದ್ರೆ, ಜನ ಬಾಯಲ್ಲಿ ನಗಲ್ಲಮ್ಮ." ದನಿ ಏರಿತು. "ಇವಳು ನಿನ್ನ ಮುಟ್ಟೋಕೂ ಬಿಡ್ತಿಲ್ಲ ನೋಡು ಮಗಾ. ಎಲ್ಲಿ, ಇದನ್ನ ಹಿಡ್ಕೋ. ಇವಳಿಗೆ ತೋರಿಸು, ನಿನಗೇನೂ ಆಗಿಲ್ಲ ಅಂತ."

ಕನ್ನಡಿಯ ಕೆಳಗಿನಿಂದ ತಮ್ಮ ಕಪ್ಪು ಬಾಚಣಿಗೆ ತೆಗೆದು ಮಗನ ಬಲ ಅಂಗೈಯಲ್ಲಿಟ್ಟರು. ನಮ್ಮ ಮನೆಯವರು ನಡೆಯಲು ಕಲಿಯುವ ಮೊದಲೇ ಬಾಚಣಿಗೆ ಹಿಡಿದವರು ಎಂದು ಅತ್ತೆ ಹೇಳುವುದುಂಟು. ಗಿರಾಕಿಯ ಜೊತೆ ಮಾತಾಡುತ್ತ, ನೋಡದೆಯೇ, ಬೆರಳ ಸಂದಿಯಲ್ಲಿ ಅದನ್ನು ಬುಗುರಿಯ ಹಾಗೆ ಆಡಿಸುವವರು.

ಬಾಚಣಿಗೆ ಜಾರಿ ನೆಲಕ್ಕೆ ಬಿತ್ತು.

"ಸರಿಯಾಗಿ ಹಿಡ್ಕೊಳೋ," ಎಂದು ಮಾವ ಎತ್ತಿ ಮತ್ತೆ ಇಟ್ಟರು. ಈ ಸಲ ತಾವೇ ಮಗನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿ ಕೈ ತೆಗೆದರು. ಬೆರಳುಗಳು ಮೆಲ್ಲಗೆ ತಾವಾಗಿಯೇ ಬಿಚ್ಚಿಕೊಂಡವು. ಬಾಚಣಿಗೆ ನೆಲದ ಮೇಲೆ ಟಿಕ್ ಎಂದಿತು.

"ಅಪ್ಪಾ," ಎಂದರು ನಮ್ಮ ಮನೆಯವರು. "ನಾನು ಹಿಡ್ಕೊಂಡಿದ್ದೀನಿ ಅಂತಲೇ ಅನ್ಕೊಂಡಿದ್ದೆ."

ಮಾವ ಬಾಚಣಿಗೆ ಎತ್ತಿ ಜೇಬಿಗೆ ಹಾಕಿಕೊಂಡರು. ಜೇಬಿನಿಂದ ಫೋನು ತೆಗೆದರು. ಆ ಕಡೆಯವರು ಅಂಗಡಿಯ ಹೆಸರು ಕೇಳಿರಬೇಕು, ಮಾವ ಬೋರ್ಡಿನ ಹೆಸರನ್ನು ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಕೊನೆಗೆ ದನಿ ತಗ್ಗಿಸಿ, "ನೆಟಿಗೆ ಮೇಷ್ಟ್ರ ಅಂಗಡಿ ಅಂದ್ರೆ ಯಾರಾದ್ರೂ ತೋರಿಸ್ತಾರೆ," ಎಂದರು.

ಕಾಯುವುದು ಶುರುವಾಯಿತು. ಎಕ್ಸ್-ರೇ ಕೋಣೆಯಲ್ಲಿ ತಲೆ ನಿಲ್ಲಿಸಲು ಮರಳಿನ ಚೀಲಗಳಿವೆ, ಪಟ್ಟಿಗಳಿವೆ. ಇಲ್ಲಿ ನನ್ನ ಎರಡು ಕೈ ಮಾತ್ರ. ಮೊದಲು ಮಣಿಕಟ್ಟು ಉರಿಯಿತು, ಆಮೇಲೆ ಭುಜ, ಆಮೇಲೆ ಬೆನ್ನು. ಮಂಡಿಯ ಕೆಳಗೆ ಕತ್ತರಿಸಿದ ಕೂದಲಿನ ಚೂರುಗಳು ಚುಚ್ಚುತ್ತಿದ್ದವು. ನನ್ನ ತೋಳು ಸಣ್ಣಗೆ ನಡುಗಲು ಹತ್ತಿತು, ಆ ನಡುಕ ಅವರ ತಲೆಗೆ ಇಳಿಯುವುದು ನನ್ನ ಅಂಗೈಗೇ ತಿಳಿಯುತ್ತಿತ್ತು.

"ಧೂಳು," ಎಂದರು ನಮ್ಮ ಮನೆಯವರು. ಫ್ಯಾನು ಬಿಚ್ಚಿದಾಗ ಉದುರಿದ ಧೂಳು ಅವರ ಮುಖದ ಮೇಲೆಲ್ಲ ಇತ್ತು. "ಸೀನು ಬರೋ ಹಾಗಿದೆ ಕಣೇ."

"ತಡ್ಕೊಳ್ಳಿ."

"ಸೀನನ್ನ ಹೆಂಗೆ ತಡ್ಕೊಳ್ಳೋದು?"

ನನ್ನ ಈ ತೋಳುಗಳಿಂದ ಒಂದು ಸೀನನ್ನು ಹಿಡಿದು ನಿಲ್ಲಿಸಲು ಸಾಧ್ಯವಿಲ್ಲ ಎಂದು ನನಗೆ ಖಚಿತವಾಗಿತ್ತು. ಹಿಡಿದು ನಿಲ್ಲಿಸಬಲ್ಲ ಕೈಗಳು ಆ ಕೋಣೆಯಲ್ಲಿ ಇನ್ನೆರಡೇ ಇದ್ದವು. ಜೀವಮಾನವಿಡೀ ತಲೆಗಳನ್ನು ಹಿಡಿದು ಪಳಗಿದ ಕೈಗಳು, ಹಿಡಿದ ಪ್ರತಿಯೊಂದನ್ನೂ ತಿರುಗಿಸಿದ ಕೈಗಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕೈಗೆ ಹತ್ತಿದ ಗುಣ ಒಂದು ಗಳಿಗೆಯಲ್ಲಿ ಹೋಗುತ್ತದೆಯೇ? ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಇರಲಿಲ್ಲ.

"ಮಾವ," ಎಂದೆ. "ನನ್ನ ಕೈ ಸೋಲ್ತಿದೆ. ನೀವು ಬನ್ನಿ."

ಮಾವ ನನ್ನ ಮುಖ ನೋಡಿದರು.

"ನನ್ನ ಕೈ ಮೇಲೆ ಕೈ ಇಡಿ. ಗಟ್ಟಿಯಾಗಿ ಸಿಕ್ಕ ಮೇಲೆ 'ಹಿಡಿದೆ' ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳೋವರೆಗೂ ನಾನು ಬಿಡಲ್ಲ. ಆಸ್ಪತ್ರೇಲಿ ಹಿಂಗೇ ಮಾಡೋದು. ತಲೆ ಕಡೆ ಇರೋರು ಏನು ಹೇಳ್ತಾರೋ ಅದನ್ನೇ ಎಲ್ಲರೂ ಕೇಳಬೇಕು, ದೊಡ್ಡ ಡಾಕ್ಟರಾದ್ರೂ ಸರಿ. ಆಮೇಲೆ ನೀವು ಹೇಳಿದ್ದೇ ಮಾತು."

ಮಾವ ನನ್ನ ಪಕ್ಕಕ್ಕೆ ಬಂದು ಮಂಡಿಯೂರಿದರು. ಅವರ ಅಂಗೈ ನನ್ನ ಕೈಗಳ ಮೇಲೆ ಇಳಿಯಿತು, ಬೆಚ್ಚಗೆ, ಕಲ್ಲಿನಷ್ಟು ಅಲುಗದೆ. ಸೊಸೆಯಾಗಿ ಬಂದಾಗಿನಿಂದ ಆ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಹಿಡಿದೆ," ಎಂದರು.

ನಾನು ಒಂದೊಂದೇ ಬೆರಳು ಜಾರಿಸಿ ಕೈ ತೆಗೆದೆ. ಮಾವ ಮಗನ ಕಡೆ ಬಗ್ಗಿ, ಪ್ರತಿ ಸಲವೂ ಹೇಳುವ ಅದೇ ದನಿಯಲ್ಲಿ, "ಸಡಿಲ ಬಿಡು ಮಗಾ," ಎಂದರು.

ಆ ಮಾತಿನ ಹಿಂದೆ ಬರುವುದು ಒಂದೇ, ಆ ಅಂಗಡಿಯ ಗೋಡೆಗೂ ಅದು ಗೊತ್ತಿತ್ತು. ಅವರ ಮುಂಗೈಯ ನರ ಉಬ್ಬಿದ್ದನ್ನು ನೋಡಿದೆ. "ಮಾವ" ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಸೀನು ಬಂತು.

ಇಡೀ ಮೈ ನೆಲದಿಂದ ಎಗರಿತು. ಎದೆ, ಹೊಟ್ಟೆ, ಮೊಣಕಾಲು ಎಲ್ಲ ಅಲುಗಿದವು. ತಲೆ ಅಲುಗಲಿಲ್ಲ. ಇನ್ನೊಂದು ಸೀನು ಬಂತು, ಆಗಲೂ ಅಲುಗಲಿಲ್ಲ. ಯಾವ ತಲೆ ಯಾವ ಕಡೆಗೆ ಹೊರಳಲಿದೆ ಎಂದು ಹೊರಳುವ ಮೊದಲೇ ತಿಳಿಯುವ ಕೈಗಳು ಅವು. ಆ ಅರಿವನ್ನೆಲ್ಲ ಮಾವ ಆಗ ಒಂದೇ ಒಂದು ಕೆಲಸಕ್ಕೆ ಬಳಸಿದರು. ಅವರ ಕಣ್ಣಿನಿಂದ ನೀರು ಇಳಿದು ಮಗನ ಹಣೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಅವರಿಗೂ ಮೂರನೆಯ ಕೈ ಇರಲಿಲ್ಲ, ನಾನೇ ನನ್ನ ದುಪಟ್ಟಾದ ತುದಿಯಿಂದ ಒರೆಸಿದೆ.

ಆಂಬುಲೆನ್ಸಿನವರು ಹಲಗೆ, ಕುತ್ತಿಗೆಪಟ್ಟಿ ಹಿಡಿದು ಷಟರಿನ ಕೆಳಗೆ ಬಗ್ಗಿ ಬಂದರು. ಅವರಲ್ಲಿ ಹಿರಿಯಳಾದ ಹೆಂಗಸು ಪಟ್ಟಿ ಕಟ್ಟಿ, ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ ಹೇಳಿದಳು: "ತಲೆ ಕಡೆ ಇರೋರು ಎಣಿಸಿ. ನೀವು ಮೂರು ಅಂದಾಗ ನಾವು ಎತ್ತೋದು."

ಮಾವ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಮೂರರವರೆಗೆ ಎಣಿಸಿದರು.

ಆಸ್ಪತ್ರೆಯಲ್ಲಿ ನನ್ನ ಜೊತೆಯವಳು ಚಿತ್ರ ತೆಗೆದಳು. ನನ್ನನ್ನು ಯಂತ್ರ ಮುಟ್ಟಲು ಬಿಡಲಿಲ್ಲ, ಸರಿಯಾಗಿಯೇ ಮಾಡಿದಳು. ಪರದೆಯ ಮೇಲೆ ಏಳು ಮೂಳೆಗಳು ಮೂಡಿದವು. ಕೊನೆಯದರ ಮೇಲೆ ಕೂರಬೇಕಿದ್ದ ಆರನೆಯದು ಒಡೆದು, ಮೆಟ್ಟಿಲು ತಪ್ಪಿದ ಕಾಲಿನ ಹಾಗೆ ಮುಂದಕ್ಕೆ ಜಾರಿತ್ತು. ಕೊಳವೆ ಅಲ್ಲಿ ಅರ್ಧಕ್ಕರ್ಧ ಕಿರಿದಾಗಿತ್ತು. ಡಾಕ್ಟರು ಬೆರಳಿಟ್ಟು ತೋರಿಸಿ, ಹಿಂದೆ ಮಾವ ನಿಂತಿರುವುದನ್ನು ಗಮನಿಸದೆ, "ಯಾರಾದ್ರೂ ಇದನ್ನ ತಿರುಗಿಸಿದ್ದಿದ್ರೆ ಕೈಕಾಲು ಎರಡೂ ಹೋಗ್ತಿತ್ತು, ಉಸಿರೂ ಹೋಗಬಹುದಿತ್ತು," ಎಂದರು. ಈ ಮಾತನ್ನು ಯಾರಾದರೂ ಮಾವನ ಎದುರು ಹೇಳಲಿ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ಹೇಳಿದಾಗ ಡಾಕ್ಟರ ಬಾಯಿ ಮುಚ್ಚಬೇಕೆನಿಸಿತು.

ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ಮಾವ ಎರಡು ಕೈಗಳನ್ನೂ ತೊಡೆಯ ಮೇಲೆ ಒಂದು ತಲೆಯಷ್ಟು ಅಂತರದಲ್ಲಿಟ್ಟುಕೊಂಡು ಕೂತಿದ್ದರು. ಬೆರಳು ಮಡಚಲು ಬರುತ್ತಿರಲಿಲ್ಲವೋ, ಅವರಿಗೇ ಮನಸ್ಸಿರಲಿಲ್ಲವೋ. "ಇಷ್ಟು ಕಾಲ ಎಷ್ಟು ಜನರದ್ದು ತಿರುಗಿಸಿದ್ದೀನಮ್ಮ," ಎಂದರು. "ಅದ್ರಲ್ಲಿ ಮನೆಗೆ ಹೋದ್ಮೇಲೆ ಯಾರಿಗಾದ್ರೂ..."

ಇದಕ್ಕೆ ಉತ್ತರವನ್ನು ನಾನು ಎಂದೋ ಮಸೆದಿಟ್ಟುಕೊಂಡಿದ್ದೆ. ಆ ಕೈಗಳನ್ನು ನೋಡಿ ಅದು ನಾಲಿಗೆಗೆ ಬರಲಿಲ್ಲ.

"ನನಗೆ ಗೊತ್ತಿಲ್ಲ ಮಾವ. ಇವತ್ತು ಇವರದ್ದನ್ನ ತಿರುಗಿಸಲಿಲ್ಲ. ಅಷ್ಟು ಗೊತ್ತು."

ಜಾರಿದ ಮೂಳೆಯನ್ನು ಜಾಗಕ್ಕೆ ತಂದು, ತಗಡು ಇಟ್ಟು ಸ್ಕ್ರೂ ಹಾಕಿದರು. "ಮೂಳೆ ಕೂಡುತ್ತೆ, ಅದಕ್ಕೆ ಆ ಬುದ್ಧಿ ಹುಟ್ಟಿನಿಂದಲೇ ಇದೆ," ಎಂದರು ಡಾಕ್ಟರು. "ಕೈ ವಿಷಯ ಮಾತ್ರ ನಾನು ಮಾತು ಕೊಡಲ್ಲ. ಬಂದ್ರೆ ಬಂತು." ಕತ್ತರಿ ಹಿಡಿದು ಬದುಕುವವನಿಗೆ ಕೈ ಬರದಿದ್ದರೆ ಏನು ಎಂದು ಮಾವ, ಅತ್ತೆ, ನಾನು ಮೂವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ಕಾಲು ಚೆನ್ನಾಗಿ ಆಡುತ್ತಿತ್ತು. ಬೆರಳುಗಳು ಹಾಸಿಗೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿದ್ದವು.

ಕೆಲವು ವಾರ ಹೀಗೇ ಕಳೆದವು. ಮಾವ ಅಂಗಡಿಯ ಬಾಗಿಲು ತೆಗೆಯಲಿಲ್ಲ, ದಿನವೂ ವಾರ್ಡಿಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಒಂದು ಬೆಳಗ್ಗೆ ನಮ್ಮ ಮನೆಯವರು ಕುತ್ತಿಗೆಪಟ್ಟಿಯ ಮೇಲಿಂದ ಕಣ್ಣು ಹೊರಳಿಸಿ ನನ್ನನ್ನು ಕರೆದು, "ಅಪ್ಪನ ಜೇಬಲ್ಲಿ ಬಾಚಣಿಗೆ ಇದೆ. ಇಸ್ಕೊಂಡು ಕೊಡು," ಎಂದರು.

ಮಾವ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟವರೇ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಅವರ ಹೆಗಲೆರಡೂ ಕಿವಿಯವರೆಗೆ ಏರಿದ್ದವು. ಅಂಗಡಿಯಲ್ಲಿ ಕೇಳಿದ ಆ ಟಿಕ್ ಸದ್ದಿಗೇ ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಅದಕ್ಕೇ ಕಾಯುತ್ತಿದ್ದೆ. ನಮ್ಮ ಮನೆಯವರ ಬಲ ಅಂಗೈಯಲ್ಲಿ ಬಾಚಣಿಗೆ ಇಟ್ಟೆ, ಕೈ ತೆಗೆದೆ.

ಬೆರಳುಗಳು ನಡುಗಿದವು. ಬಾಚಣಿಗೆ ಅಂಗೈಯ ಅಂಚಿಗೆ ಜಾರಿತು. ಉಂಗುರದ ಬೆರಳು ಬಾಗಿತು, ಕಿರುಬೆರಳು ಅದಕ್ಕೆ ಒತ್ತಿ ನಿಂತಿತು, ಹೆಬ್ಬೆರಳು ಬಾಚಣಿಗೆಯ ಹಲ್ಲುಗಳ ಮೇಲೆ ಸವರಿ ಕಿರ್ರೆಂದು ಸಣ್ಣ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

"ಬಿತ್ತಾ?" ಎಂದರು ಮಾವ, ಗೋಡೆಗೆ.

ಹಾಸಿಗೆಯ ತುದಿಯಲ್ಲಿ ಕೂತಿದ್ದ ಅತ್ತೆ ಮೂಗು ಒರೆಸಿಕೊಂಡರು.

"ಬಿದ್ದ ಸದ್ದು ಕೇಳಿಸ್ತೇನ್ರೀ?"

"ಇಲ್ಲ."

"ಮತ್ತೇನು, ತಿರುಗಿ ನೋಡಿ. ನಿಮ್ಮ ಕುತ್ತಿಗೆಗೇನಾಗಿದೆ?"